ವೆಬ್‌ಸೈಟಿಗೂ ಒಂದು ದತ್ತಿ ಬೇಕು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾವು ನಾಲ್ಕು ಜನ ಸೇರಿ ವೆಬ್‌ಸೈಟ್ ಕಟ್ಟುವ ಸಣ್ಣ ಕಂಪನಿಯೊಂದನ್ನು ನಡೆಸುತ್ತೇವೆ. ನಮ್ಮ ಗಿರಾಕಿಗಳೆಲ್ಲ ಸೇವಾ ಸಂಸ್ಥೆಗಳೇ: ಹಸಿದವರಿಗೆ ದಿನಸಿ ಹಂಚುವ ಫುಡ್ ಬ್ಯಾಂಕ್, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್, ಮರೆವಿನ ಕಾಯಿಲೆಯವರ ಮನೆಮಂದಿಗೆ ನೆರವಾಗುವ ಪುಟ್ಟ ಗುಂಪುಗಳು. ಕರ್ನಾಟಕದ ಕೆಲವು ಟ್ರಸ್ಟ್‌ಗಳ ಕೆಲಸವನ್ನೂ ಮಾಡಿಕೊಡುತ್ತೇವೆ. ಎರಡೂ ಕಡೆಯವರನ್ನು ನಾನು ಕೇಳುವ ಪ್ರಶ್ನೆ ಒಂದೇ. ಕಟ್ಟಿಸಲು ಹಣ ಕೂಡಿಸಿದ್ದೀರಿ, ಸರಿ. ಮುಂದಿನ ಐದು ವರ್ಷ ಅದನ್ನು ನಡೆಸಲು ಹಣ ಎಲ್ಲಿದೆ? ಇದಕ್ಕೆ ಸಿದ್ಧ ಉತ್ತರ ಇಟ್ಟುಕೊಂಡವರು ಎರಡೂ ನಾಡುಗಳಲ್ಲಿ ಅಪರೂಪ.

ವೆಬ್‌ಸೈಟ್ ಕಟ್ಟಲು ಬಳಸುವ ಡ್ರೂಪಲ್ 7 ಎಂಬ ತಂತ್ರಾಂಶ ಬಂದದ್ದು 2011ರ ಜನವರಿಯಲ್ಲಿ. ಉಚಿತ, ಗಟ್ಟಿ. ಹಾಗಾಗಿ ಎಷ್ಟೋ ಸೇವಾ ಸಂಸ್ಥೆಗಳು ಅದನ್ನು ನೆಚ್ಚಿಕೊಂಡವು. ಅದರ ಅಧಿಕೃತ ಬೆಂಬಲ, ಅಂದರೆ ಭದ್ರತಾ ಲೋಪಗಳ ದುರಸ್ತಿ, 2025ರ ಜನವರಿ 5ರಂದು ನಿಂತಿತು. ಮುಂದಿನ ಆವೃತ್ತಿಗಳ ಬುಡವೇ ಬೇರೆಯಾಗಿದ್ದರಿಂದ ಹಳೆಯದನ್ನು ಸುಮ್ಮನೆ ಮೇಲ್ದರ್ಜೆಗೆ ಏರಿಸುವಂತಿರಲಿಲ್ಲ, ಹೊಸದಾಗಿಯೇ ಕಟ್ಟಬೇಕಿತ್ತು. ಗಡುವು ಹಲವು ಬಾರಿ ಮುಂದಕ್ಕೆ ಹೋಗಿದ್ದರೂ ಕೊನೆಯ ವಾರಗಳಲ್ಲಿ ಗಾಬರಿಯಿಂದ ಫೋನ್ ಮಾಡಿದವರಿದ್ದರು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಅನುದಾನ ಕೊಟ್ಟವರು ಹೊಸ ಯೋಜನೆಗೆಂದು ಕೊಟ್ಟರು. ಆ ಹಣವನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ನಮ್ಮ ಕಡೆಯ ಸಂಸ್ಥೆಗಳಿಗೂ ಇಂಥದೇ ಕಟ್ಟುಗಳಿವೆ. ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಊರಿನ ದಾನಿಯಾದರೆ ಕೊಠಡಿ ಕಟ್ಟಿಸುತ್ತಾನೆ, ಆಂಬುಲೆನ್ಸ್ ಕೊಡಿಸುತ್ತಾನೆ, ಏಕೆಂದರೆ ಅಲ್ಲಿ ಹೆಸರಿನ ಫಲಕಕ್ಕೆ ಜಾಗವಿರುತ್ತದೆ. ವೆಬ್‌ಸೈಟ್ ಇರಿಸುವ ಸರ್ವರ್‌ನ ಬಾಡಿಗೆಯ ಮೇಲೆ ಯಾರ ಹೆಸರನ್ನು ಕೆತ್ತಿಸುವುದು?

ಇಂಗ್ಲೆಂಡಿನಿಂದ ನಾವು ಕಲಿಯಬೇಕಾದದ್ದು ಲೆಕ್ಕ ತೆರೆದಿಡುವ ರೀತಿ. ಸೇವಾ ಸಂಸ್ಥೆಗಳ ಮೇಲ್ವಿಚಾರಣೆ ನಡೆಸುವ ಇಲ್ಲಿಯ ಚಾರಿಟಿ ಕಮಿಷನ್‌ನ ನೋಂದಣಿ ಪಟ್ಟಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ನೋಡಬಹುದು. ಸಂಸ್ಥೆಯ ಹೆಸರು ಹುಡುಕಿದರೆ ಐದು ವರ್ಷಗಳ ಆದಾಯ, ಖರ್ಚು, ಟ್ರಸ್ಟಿಗಳ ಹೆಸರು ಎಲ್ಲವೂ ಸಿಗುತ್ತವೆ. ಲೆಕ್ಕ ಸಲ್ಲಿಸಲು ತಡವಾದರೆ ಅದೂ ಅಲ್ಲೇ ಕಾಣುತ್ತದೆ. ಹಾಗಾಗಿ ನನ್ನ ಇಲ್ಲಿಯ ಗಿರಾಕಿಗಳು ವಾರ್ಷಿಕ ವರದಿಯನ್ನು ಮುಚ್ಚಿಡುವ ಮಾತೇ ಆಡುವುದಿಲ್ಲ, ಅದನ್ನು ಸುಲಭವಾಗಿ ಸಿಗುವ ಕಡೆ ಇಡಿ ಎನ್ನುತ್ತಾರೆ. ದೇಣಿಗೆಯ ಪುಟವೂ ಹೀಗೆಯೇ ಕಾನೂನಿಗೆ ಹೊಂದಿಕೊಂಡು ಬೆಳೆದಿದೆ. ತೆರಿಗೆ ಕಟ್ಟುವವನೊಬ್ಬ ತನ್ನ ಹೆಸರು, ವಿಳಾಸ ಬರೆದು ಗಿಫ್ಟ್ ಏಡ್ ಎಂಬ ಸರ್ಕಾರಿ ಯೋಜನೆಗೆ ಒಪ್ಪಿಗೆ ಕೊಟ್ಟರೆ, ಅವನ ಪ್ರತಿ ಪೌಂಡಿಗೆ ಇನ್ನೂ 25 ಪೆನ್ಸ್ ಸರ್ಕಾರದಿಂದ ಸಂಸ್ಥೆಗೇ ಸೇರುತ್ತದೆ. ನಮ್ಮಲ್ಲಿ 80ಜಿ ಎಂದು ರೂಢಿಯಾದ, ದೇಣಿಗೆಯ ಮೇಲಿನ ತೆರಿಗೆ ವಿನಾಯಿತಿಯ ಲಾಭ ಸಿಗುವುದು ದಾನಿಗೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ. ಒಂದು ಗುರುತು ಹಾಕುವ ಚೌಕದಿಂದ ಫುಡ್ ಬ್ಯಾಂಕಿಗೆ ಬಂದ ದೇಣಿಗೆ ಕಾಲುಪಾಲು ಏರುವುದನ್ನು ಕಂಡ ಮೇಲೆ, ಆ ಚೌಕ ಪುಟದಲ್ಲಿ ಎಲ್ಲಿರಬೇಕೆಂದು ವಾರಗಟ್ಟಲೆ ಯೋಚಿಸುವುದು ನನಗೆ ಅತಿಯೆನಿಸುವುದಿಲ್ಲ.

ಕರ್ನಾಟಕದಲ್ಲಿ ನಂಬಿಕೆ ಹುಟ್ಟುವ ದಾರಿ ಬೇರೆ. ಜನ ಮಠಕ್ಕೆ, ಆಶ್ರಮಕ್ಕೆ, ಹಾಸ್ಟೆಲ್ಲಿಗೆ ಹೋಗಿ ಕಣ್ಣಾರೆ ನೋಡುತ್ತಾರೆ, ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾರೆ, ಆಮೇಲೆ ಕೊಡುತ್ತಾರೆ. ಮಗನ ಹುಟ್ಟುಹಬ್ಬಕ್ಕೋ ತಂದೆಯ ತಿಥಿಗೋ ಒಂದು ದಿನದ ಊಟದ ಖರ್ಚು ವಹಿಸಿಕೊಳ್ಳುತ್ತಾರೆ. ಕೊಟ್ಟವರಿಗೂ ಪಡೆದವರಿಗೂ ನಡುವೆ ಇರುವ ಆ ಹತ್ತಿರವನ್ನು ಇಲ್ಲಿಯ ಯಾವ ಮಾಸಿಕ ಚಂದಾ ಪದ್ಧತಿಯೂ ತಂದುಕೊಟ್ಟಿಲ್ಲ. ನನ್ನ ತಕರಾರು ಆ ನಂಬಿಕೆಯ ಬಗ್ಗೆ ಅಲ್ಲ. ಹೊರಗಿರುವ ನನ್ನಂಥವರಿಗೆ ಹೋಗಿ ನೋಡುವ ಅನುಕೂಲವಿಲ್ಲ. ನಾವು ನೋಡುವುದು ವೆಬ್‌ಸೈಟನ್ನು. ಅಲ್ಲಿ ಎಷ್ಟೋ ಸಲ ಉದ್ಘಾಟನೆಯ ದಿನದ ಚಿತ್ರಗಳ ಆಚೆಗೆ ಏನೂ ಇರುವುದಿಲ್ಲ.

ವರದಿ ಇದ್ದರೂ ಓದಲಾಗದ ಸ್ಥಿತಿ ಇನ್ನೊಂದು. ಕನ್ನಡದ ಎಷ್ಟೋ ವಾರ್ಷಿಕ ವರದಿಗಳು ಇಂದಿಗೂ ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾಗಿ, ಪಿಡಿಎಫ್ ಆಗಿ ಏರುತ್ತವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಗೂಗಲ್ ಹುಡುಕಾಟದಲ್ಲಿ ಅದರ ಒಳಗಿನದು ಸಿಗುವುದಿಲ್ಲ, ಅಂಧರು ಬಳಸುವ ಪರದೆ ಓದುವ ತಂತ್ರಾಂಶ ಅದನ್ನು ಓದಲಾರದು. ಅಂಧ ಮಕ್ಕಳ ಶಾಲೆಯೊಂದು ತನ್ನ ವರದಿಯನ್ನು ತನ್ನ ಹಳೆಯ ವಿದ್ಯಾರ್ಥಿಗಳೇ ಓದಲಾಗದಂತೆ ಪ್ರಕಟಿಸಿದ್ದನ್ನು ಕಂಡಾಗ ನನಗೆ ನಿಜವಾಗಿ ನೋವಾಯಿತು. ಎನ್‌ವಿಡಿಎ ಎಂಬ ಓದುವ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದನ್ನು ಆರಂಭಿಸಿದವರು ಆಸ್ಟ್ರೇಲಿಯಾದ ಇಬ್ಬರು ಅಂಧ ಯುವಕರು. ಪುಟ ಸಿದ್ಧವಾದ ಮೇಲೆ ಅದರಲ್ಲಿ ಒಮ್ಮೆ ಕೇಳಿಸಿಕೊಳ್ಳದೆ ನಾವು ಯಾವ ವೆಬ್‌ಸೈಟನ್ನೂ ಒಪ್ಪಿಸುವುದಿಲ್ಲ.

ಸೇವಾ ಸಂಸ್ಥೆಗೆ ವೆಬ್‌ಸೈಟನ್ನು ಉಚಿತವಾಗಿ ಮಾಡಿಕೊಡಿ ಎಂಬ ಕೋರಿಕೆ ಎರಡೂ ಕಡೆಯಿಂದ ಬರುತ್ತದೆ. ನಾವು ದರ ಇಳಿಸುತ್ತೇವೆ, ಕಂತು ಮಾಡುತ್ತೇವೆ, ಉಚಿತವಾಗಿ ಮಾಡುವುದಿಲ್ಲ. ಉಚಿತವಾಗಿ ಮಾಡಿಕೊಟ್ಟವನಿಗೆ ಕೆಲಸ ಸಿಕ್ಕಿದ ಮೇಲೋ ಮದುವೆಯಾದ ಮೇಲೋ ಬಿಡುವು ಸಿಗುವುದಿಲ್ಲ. ಪಾಸ್‌ವರ್ಡ್ ಅವನ ಬಳಿ, ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಅವನ ಹೆಸರಿನಲ್ಲಿ. ಊರಿನಲ್ಲಿ ಅವನು ಕಾರ್ಯದರ್ಶಿಯ ಅಳಿಯ, ಇಲ್ಲಿ ಯಾರೋ ಒಬ್ಬ ಸ್ವಯಂಸೇವಕ. ನವೀಕರಿಸದೆ ಬಿಟ್ಟ ಡೊಮೇನನ್ನು ಜೂಜಿನ ತಾಣದವರು ಕೊಂಡುಕೊಳ್ಳುತ್ತಾರೆ, ಹಳೆಯ ಹೆಸರಿನ ಮೇಲೆ ಜನಕ್ಕಿರುವ ವಿಶ್ವಾಸವೇ ಅವರಿಗೆ ಬಂಡವಾಳ. ನೆರವು ಬೇಡಿ ಬಂದ ಹೆಣ್ಣುಮಗಳೊಬ್ಬಳ ಎದುರು ಜೂಜಿನ ಜಾಹೀರಾತು ತೆರೆದುಕೊಂಡರೆ ಅದರ ಹೊಣೆ ಯಾರದು?

ವೆಬ್‌ಸೈಟನ್ನು ನಡೆಸಿಕೊಂಡು ಹೋಗುವ ಈ ಸಮಸ್ಯೆಗೆ ಪರಿಹಾರ ಇಂಗ್ಲೆಂಡಿನಿಂದ ಬರಬೇಕಾಗಿಲ್ಲ ಎಂಬುದು ನನ್ನ ದೃಢ ಅನಿಸಿಕೆ. ನಮ್ಮ ಶಾಸನಗಳನ್ನು ನೋಡಿ. ದೇಗುಲ ಕಟ್ಟಿಸಿದವರು ಕಟ್ಟಿಸಿ ಕೈಬಿಡಲಿಲ್ಲ. ನಂದಾದೀವಿಗೆಯ ಎಣ್ಣೆಗೆ, ತಪಸ್ವಿಗಳ ಆಹಾರಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೂ ಭೂಮಿ ಬಿಟ್ಟು, ಗಡಿ ಹೇಳಿ, ಕಲ್ಲಿನಲ್ಲಿ ಬರೆಸಿದರು. ಆ ಪದ್ಧತಿ ಸತ್ತಿಲ್ಲ. ದೇವಸ್ಥಾನಗಳ ಶಾಶ್ವತ ಸೇವೆ, ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ, ಶಾಲೆಗಳ ದತ್ತಿ ಬಹುಮಾನ ಎಲ್ಲವೂ ಅದರ ಮುಂದುವರಿಕೆಯೇ. ಠೇವಣಿಯ ಬಡ್ಡಿಯಲ್ಲಿ ವರ್ಷವರ್ಷವೂ ಕೆಲಸ ನಡೆಯುತ್ತದೆ. ವೆಬ್‌ಸೈಟಿಗೂ ಹಾಗೆ ದತ್ತಿ ಇಡಬಹುದು. ಸಣ್ಣ ಟ್ರಸ್ಟ್ ಒಂದಕ್ಕೆ ಡೊಮೇನ್, ಸರ್ವರ್ ಮತ್ತು ನಿಯಮಿತ ದುರಸ್ತಿ ಸೇರಿ ವರ್ಷಕ್ಕೆ 20,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ 6.5ರ ಬಡ್ಡಿ ಸಿಕ್ಕರೆ ಸುಮಾರು 3.08 ಲಕ್ಷ ರೂಪಾಯಿಯ ಠೇವಣಿ ಸಾಕು. ಹೊರನಾಡಿನ ಹತ್ತು ಕುಟುಂಬಗಳು ಸೇರಿದರೆ ದೊಡ್ಡ ಮೊತ್ತವಲ್ಲ.

ದತ್ತಿ ಇಡುವವರು ಎರಡು ವಿಷಯ ಗಮನಿಸಬೇಕು. ಈ ಹಣ ಮೂಲಧನಕ್ಕೆಂದು ಪತ್ರದಲ್ಲಿ ಸ್ಪಷ್ಟವಾಗಿ ಬರೆದುಕೊಡಬೇಕು, ಇಲ್ಲದಿದ್ದರೆ ಸಂಸ್ಥೆಗೆ ಅದು ಆ ವರ್ಷದ ಸಾಮಾನ್ಯ ಆದಾಯವಾಗಿಬಿಡುತ್ತದೆ. ಇನ್ನೊಂದು ಪೌರತ್ವದ ವಿಷಯ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬ್ರಿಟಿಷ್ ಅಥವಾ ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಹೋಗಬೇಕು. ಊರಿನ ಸಂಸ್ಥೆಗೆ ಕಳಿಸುವ ಮೊದಲು ಈ ನೋಂದಣಿ ಇದೆಯೇ ಎಂದು ಅವರನ್ನೇ ಕೇಳಿ. ಹಾಗೆಯೇ ಡೊಮೇನ್ ಯಾರ ಹೆಸರಿನಲ್ಲಿದೆ ಎಂದೂ ಕೇಳಿ.