ಬ್ರೆಡ್ ಕತ್ತರಿಸಿದರೆ ಯುದ್ಧ ಸೋಲ್ತೀವಿ, ಹುಷಾರ್!

ಯುದ್ಧ ಬಂದರೆ ವ್ಯಾಪಾರಕ್ಕೆ ಪೆಟ್ಟು ಬೀಳುವುದು ಇದ್ದದ್ದೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಫೆಬ್ರುವರಿಯಲ್ಲಿ, ಅಮೆರಿಕದಲ್ಲಿ ಜನರ ಓಡಾಟದ ಕಾರು ತಯಾರಿಸುವುದನ್ನೇ ನಿಲ್ಲಿಸಿಬಿಟ್ಟರು. ಕಾರ್ಖಾನೆಗಳು ಟ್ಯಾಂಕು, ವಿಮಾನದ ಕೆಲಸಕ್ಕೆ ತಿರುಗಿದವು. ಅದು ಅರ್ಥವಾಗುವ ಮಾತು. ಆದರೆ ಆದೇಶ ಹೊರಡಿಸುವ ಚಟ ಒಮ್ಮೆ ಹತ್ತಿದ ಮೇಲೆ ಕೈ ಸುಮ್ನೆ ಇರುತ್ತಾ? ಹುಡುಕಿ ಹುಡುಕಿ ಕೊನೆಗೆ ಸಾಹೇಬರ ಕಣ್ಣು ಬ್ರೆಡ್ ಮೇಲೆ ಬಿತ್ತು.

1943ರ ಜನವರಿ 18ರಿಂದ ಬೇಕರಿಯವರು ಬ್ರೆಡ್ ಕತ್ತರಿಸಿ ಮಾರುವಂತಿಲ್ಲ! ಕೊಳ್ಳಿ, ತಿನ್ನಿ, ಬೇಡ ಅಂದವರಾರು? ಆದರೆ ಇಡೀ ಬ್ರೆಡ್ಡೇ ಒಯ್ಯಿರಿ. ಕೃಷಿ ಮಂತ್ರಿ ಕ್ಲಾಡ್ ವಿಕರ್ಡ್ ಅವರ ಅಪ್ಪಣೆ. ಕತ್ತರಿಸಿದ ಬ್ರೆಡ್ ಬೇಗ ಒಣಗುತ್ತದೆ, ಅದಕ್ಕೆ ದಪ್ಪನೆಯ ಮೇಣದ ಕಾಗದ ಸುತ್ತಬೇಕು, ಆ ಕಾಗದ ಉಳಿಯಬೇಕು. ಹಿಟ್ಲರ್ ಎಷ್ಟು ಹೆದರಿದನೋ ಗೊತ್ತಿಲ್ಲ, ಅಡುಗೆಮನೆಗಳಂತೂ ನಡುಗಿದವು.

ಬೇಕರಿಯ ಯಂತ್ರಕ್ಕೆ ರಜೆ, ಮನೆಯಾಕೆಯ ಕೈಗೆ ಚಾಕು. ಗಂಡ ಮತ್ತು ನಾಲ್ಕು ಮಕ್ಕಳಿದ್ದ ಗೃಹಿಣಿಯೊಬ್ಬರು ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರವನ್ನೇ ಬರೆದರು. ಬೆಳಗಿನ ಟೋಸ್ಟಿಗೆ ತಲೆಗೆರಡು ತುಂಡು, ಊಟದ ಡಬ್ಬಿಗೆ ಮತ್ತಷ್ಟು. ಎಲ್ಲರೂ ಹೊರಡುವ ಗಡಿಬಿಡಿಯಲ್ಲಿ ಇದನ್ನೆಲ್ಲ ಕೈಯಲ್ಲೇ ಕೊಯ್ಯುತ್ತಾ ನಿಂತರೆ ಮನೆಯವರ ತಲೆ ಸರಿಯಿರುತ್ತಾ ಎನ್ನುವುದು ಆಕೆಯ ಗೋಳು. ಯಂತ್ರ ಇಟ್ಟುಕೊಂಡಿರುವ ಬೇಕರಿಗಳಾದರೂ ಕತ್ತರಿಸಲಿ ಬಿಡಿ ಎಂದು ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ ಹೇಳಿ ನೋಡಿದರು. ಬಂದ ಉತ್ತರ: ಕದ್ದು ಕತ್ತರಿಸಿದರೆ ಕ್ರಮ!

ಮಾರ್ಚ್ 8ಕ್ಕೆ ಆದೇಶ ವಾಪಸ್. ಅಂದುಕೊಂಡಷ್ಟು ಉಳಿತಾಯ ಆಗಲಿಲ್ಲವಂತೆ. ಅದೂ ಅಲ್ಲದೆ, ನಾಲ್ಕು ತಿಂಗಳಿಗೆ ಸಾಕಾಗುವಷ್ಟು ಮೇಣದ ಕಾಗದ ದಾಸ್ತಾನು ಇದೆಯಂತೆ. ಇದನ್ನು ಜನವರಿಯಲ್ಲೇ ಎಣಿಸಬಹುದಿತ್ತಲ್ವಾ? ಛೆ, ಎಣಿಸಿಬಿಟ್ಟರೆ ಆದೇಶಕ್ಕೆ ಕೆಲಸವೆಲ್ಲಿ!

ಇನ್ನು ಆಟ. ಬೇಸ್‌ಬಾಲ್ ನಡೆಯಲಿ, ದೇಶಕ್ಕೆ ಒಳ್ಳೆಯದು ಎಂದು ಅಧ್ಯಕ್ಷ ರೂಸ್‌ವೆಲ್ಟ್ 1942ರಲ್ಲೇ ಪತ್ರ ಕೊಟ್ಟಿದ್ದರು. ಹಾಗಾಗಿ ಆಟ ನಿಲ್ಲಲಿಲ್ಲ. ನಿಂತಿದ್ದು ಚೆಂಡು. ರಬ್ಬರ್ ತೋಟಗಳ ನಾಡಾದ ಮಲಯ (ಈಗಿನ ಮಲೇಷ್ಯಾದ ಭಾಗ) ಜಪಾನಿನ ಕೈಗೆ ಹೋಗಿ ರಬ್ಬರಿಗೆ ಬರ ಬಂದಿತ್ತು. ಅದಕ್ಕೆ 1943ರ ಚೆಂಡಿನ ಹೊಟ್ಟೆಗೆ ರಬ್ಬರಿನ ಬದಲು ಬಲಾಟ ತುಂಬಿದರು. ಅದೊಂದು ಮರದ ಹಾಲಿನಿಂದ ಮಾಡುವ ಅಂಟು, ಗಾಲ್ಫ್ ಚೆಂಡಿನ ಹೊದಿಕೆಗೆ ಬಳಸುತ್ತಿದ್ದದ್ದು. ಹಳೇ ಚೆಂಡಿನಷ್ಟೇ ಚೆನ್ನಾಗಿ ಹಾರುತ್ತದೆ ಎಂದು ಭರವಸೆಯನ್ನೂ ಕೊಟ್ಟರು. ಎಲ್ಲಿ ಹಾರೀತು? ಘಟಾನುಘಟಿಗಳು ಬೀಸಿ ಬಾರಿಸಿದರೂ ರಾಗಿಮುದ್ದೆಗೆ ಸೌಟಿನಲ್ಲಿ ಹೊಡೆದ ಹಾಗೆ ಥಪ್ ಅಂತಿತ್ತು. ಮೊದಲ 29 ಪಂದ್ಯಗಳಲ್ಲಿ 11ರಲ್ಲಿ ಒಂದಲ್ಲ ಒಂದು ತಂಡ ಸೊನ್ನೆ ಸುತ್ತಿತು.

ತಯಾರಕರಾದ ಸ್ಪಾಲ್ಡಿಂಗ್ ಕಂಪನಿ ತನಿಖೆ ಮಾಡಿ ಅಪರಾಧಿಯನ್ನು ಹಿಡಿದೇಬಿಟ್ಟಿತು. ಬಲಾಟ ಅಲ್ಲ, ಅದನ್ನು ಆರಿಸಿದವರೂ ಅಲ್ಲ. ಚೆಂಡಿನೊಳಗೆ ಸುತ್ತಿದ ಉಣ್ಣೆಯ ದಾರದ ನಡುವೆ ಹಚ್ಚಿದ ಗೋಂದು! ಪಾಪ, ಗೋಂದಿಗೆ ವಕೀಲರಿರಲಿಲ್ಲ. ಹೊಸ ಚೆಂಡು ಬರುವ ತನಕ ಹಿಂದಿನ ವರ್ಷ ಉಳಿದಿದ್ದ ಚೆಂಡುಗಳನ್ನೇ ಕೆದಕಿ ತೆಗೆದರು.

ಅಮೆರಿಕನ್ ಫುಟ್‌ಬಾಲಿನಲ್ಲಿ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟ) ಚೆಂಡಿತ್ತು, ಆಡುವವರಿರಲಿಲ್ಲ. ಹುಡುಗರೆಲ್ಲ ಸೈನ್ಯಕ್ಕೆ ಹೋಗಿದ್ದರು. 1943ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ಮತ್ತು ಫಿಲಡೆಲ್ಫಿಯಾ ಈಗಲ್ಸ್ ಸೇರಿ ಒಂದೇ ತಂಡ ಆಯಿತು. ಜನ 'ಸ್ಟೀಗಲ್ಸ್' ಅಂದರು. ಇಬ್ಬರು ಮುಖ್ಯ ಕೋಚ್‌ಗಳು, ಇಬ್ಬರಿಗೂ ಎಣ್ಣೆ-ಸೀಗೆಕಾಯಿ. ಆದರೂ 5 ಗೆಲುವು, 4 ಸೋಲು, 1 ಸಮ, ಮರ್ಯಾದೆ ಉಳಿಯಿತು. ಇದೇ ಧೈರ್ಯದ ಮೇಲೆ 1944ರಲ್ಲಿ ಪಿಟ್ಸ್‌ಬರ್ಗನ್ನು ಷಿಕಾಗೋ ಕಾರ್ಡಿನಲ್ಸ್ ಜೊತೆ ಅಂಟಿಸಿದರು. 10 ಪಂದ್ಯ, 10 ಸೋಲು. ಈ ಸಲವೂ ಗೋಂದೇ ಕೈಕೊಟ್ಟಿರಬೇಕು.