ಎರಡು ಕಡ್ಡಿಯ ಕಲ್ಲು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಯಾರಿಗಾದರೂ ಫೋನು ಮಾಡಬೇಕೆಂದರೆ ಮೊದಲು ಚಪ್ಪಲಿ ಮೆಟ್ಟಬೇಕು. ಹಿತ್ತಲ ದರೆ ಹತ್ತಿ, ಗೇರುಮರದ ಪಕ್ಕದ ಬಂಡೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತರೆ ಎರಡು ಕಡ್ಡಿ ಸಿಗ್ನಲ್. ಎಡಕ್ಕೆ ಒಂದು ಹೆಜ್ಜೆ ಸರಿದರೆ ಸೊನ್ನೆ. ಸಾಲ, ಸಂಬಂಧ, ಮಂಡಿಯ ಅಡಿಕೆ ದರ ಎಲ್ಲವನ್ನೂ ಅಲ್ಲಿಂದ ಕೂಗಿಯೇ ಹೇಳಬೇಕಾದ್ದರಿಂದ, ನಮ್ಮ ಮನೆಯ ಗುಟ್ಟುಗಳು ಕೆಳಗಿನ ಮನೆಯವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಜ್ಜಯ್ಯನ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಭದ್ರಾವತಿ ಆಕಾಶವಾಣಿ ಗುಡ್ಡ ದಾಟಿಕೊಂಡು ನೇರವಾಗಿ ಜಗಲಿಗೇ ಬರುತ್ತಿತ್ತು. ಅದರ ಕಂಪನಾಂಕ 675 ಕಿಲೋಹರ್ಟ್ಸ್, ಎಂದರೆ ಅಲೆಯ ಉದ್ದ ಸುಮಾರು 444 ಮೀಟರು. ಅಷ್ಟುದ್ದದ ಅಲೆಗೆ ನಮ್ಮ ಗುಡ್ಡ ಒಂದು ಹೊಸ್ತಿಲಿದ್ದಂತೆ. ಬಳುಕಿ ದಾಟುತ್ತದೆ, ನೆಲ ಹಿಡಿದು ಸಾಗುತ್ತದೆ. ಎಫ್‌ಎಂ ಅಲೆಯೋ ಬರೀ ಮೂರು ಮೀಟರು. ಮೊಬೈಲಿನದು ಗೇಣಿನಲ್ಲಿ ಅಳೆಯುವಷ್ಟು. ಈ ಗಿಡ್ಡರಿಗೆ ಗುಡ್ಡ ಗುಡ್ಡವೇ. ಬಿಸಿಲಿಗೆ ಬೀಳುವಂತೆ ಅವಕ್ಕೂ ಗುಡ್ಡದ ನೆರಳು ಬೀಳುತ್ತದೆ, ನಮ್ಮ ಮನೆ ಇರುವುದು ಸರಿಯಾಗಿ ಆ ನೆರಳಿನಲ್ಲಿ.

ಅಜ್ಜಯ್ಯನ ರೇಡಿಯೋದ ಬೆನ್ನಿನಿಂದ ಎರಡು ತಂತಿ ಹೊರಡುತ್ತಿದ್ದವು. ಒಂದು, ಎರಡು ಅಡಿಕೆ ಮರಗಳ ನಡುವೆ ಕಟ್ಟಿದ ಏರಿಯಲ್ಲು. ಇನ್ನೊಂದು ತುಳಸಿಕಟ್ಟೆಯ ಪಕ್ಕದ ಮಣ್ಣಿಗೆ ಇಳಿದಿತ್ತು. ಏಪ್ರಿಲ್‌ನಲ್ಲಿ ನೆಲ ಒಣಗಿ ದನಿ ಕುಗ್ಗಿದರೆ ಅಜ್ಜಯ್ಯ ಒಂದು ಚೊಂಬು ನೀರು ತಂದು ಆ ಬುಡಕ್ಕೆ ಹೊಯ್ಯುತ್ತಿದ್ದರು. “ಭದ್ರಾವತಿಗೆ ಬಾಯಾರಿದೆ” ಎನ್ನುತ್ತಿದ್ದರು. ಹಸಿ ಮಣ್ಣಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ ಎಂದು ಓದಿ ತಿಳಿಯುವವರೆಗೆ ನಾನು ಅದನ್ನು ಪೂಜೆಯ ಒಂದು ಅಂಗವೆಂದೇ ನಂಬಿದ್ದೆ.

ಸಂಜೆಯಾದರೆ ರೇಡಿಯೋದ ಗುಣವೇ ಬದಲಾಗುತ್ತಿತ್ತು. ಭದ್ರಾವತಿಯದರಂಥ ಮಧ್ಯಮ ತರಂಗವನ್ನು ಹಗಲೆಲ್ಲ ನುಂಗುವ ಆಕಾಶದ ಒಂದು ಪದರ ಸೂರ್ಯ ಮುಳುಗಿದೊಡನೆ ಕರಗಿಹೋಗುತ್ತದೆ. ಅಲೆ ಇನ್ನೂ ಮೇಲೇರಿ, ಬೇರೊಂದು ಪದರಕ್ಕೆ ಬಡಿದು ದೂರದ ಸೀಮೆಯಲ್ಲಿ ಇಳಿಯುತ್ತದೆ. ಹಾಗೆ ಇಳಿದ ತಮಿಳು, ಹಿಂದಿ, ಯಾವ ನುಡಿಯೆಂದೇ ತಿಳಿಯದ ಹಾಡು ಎಲ್ಲವೂ ಉಯ್ಯಾಲೆಯಂತೆ ಹತ್ತಿರ ಬಂದು ದೂರ ಹೋಗುತ್ತಿದ್ದವು. ಹೊತ್ತು ಮುಳುಗಿದ ಮೇಲೆ ಕರೆಯದೆ ಬರುವ ಈ ನೆಂಟರನ್ನು ಅಜ್ಜಿ ಸಹಿಸುತ್ತಿರಲಿಲ್ಲ.

ಅಜ್ಜಿಗೆ ರೇಡಿಯೋ ಬೇಕಾಗಿದ್ದುದು ಬೇರೆಯದೇ ಕೆಲಸಕ್ಕೆ. ಮೇ ತಿಂಗಳ ಮಧ್ಯಾಹ್ನ, ಆಕಾಶ ಇನ್ನೂ ತಿಳಿಯಾಗಿರುವಾಗಲೇ ವಾರ್ತೆಯ ನಡುವೆ ಕರಕರ ಶುರುವಾಗುತ್ತಿತ್ತು. ಮಿಂಚು ತಾನೇ ಒಂದು ಪ್ರಸಾರ ಕೇಂದ್ರ. ಗುಡುಗು ಕೇಳದಷ್ಟು ದೂರದಿಂದಲೂ ಅದರ ಸದ್ದು ರೇಡಿಯೋಗೆ ಮುಟ್ಟುತ್ತದೆ. ಮೂರು ಸಲ ಕರಕರ ಎಂದರೆ ಸಾಕು, ಅಂಗಳದ ಹಪ್ಪಳವೆಲ್ಲ ಒಳಗೆ ಬಂದು ಬಿಡುತ್ತಿತ್ತು. ಅಜ್ಜಯ್ಯ ಏರಿಯಲ್ ತಂತಿ ಬಿಚ್ಚುತ್ತಿದ್ದರು. ಆಮೇಲೆ, ಬಹಳ ಹೊತ್ತಿನ ಮೇಲೆ, ಗುಡುಗು.

ಈಗ ಮಾಡಿನ ಮೇಲೆ ಟಿವಿಯ ಡಿಶ್ ಇದೆ. ಅದಕ್ಕೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರು, ದಪ್ಪ ಮಳೆಹನಿಯೇ ಅದನ್ನು ಹೀರಿ ಚೆದುರಿಸಲು ಸಾಕು. ಆಗುಂಬೆಯ ನೆರೆಯವರಾದ ನಮಗೆ ಜುಲೈಯಲ್ಲಿ ಹನಿಗಳಿಗೇನು ಬರ? ಕೊನೆಯ ಓವರಿಗೆ ಸರಿಯಾಗಿ ಪರದೆ ಖಾಲಿ. ಡಿಶ್ ತಿರುಗಿಸಲು ಪ್ರತಿಸಲವೂ ಭಾವ ಏಣಿ ಹತ್ತುತ್ತಾರೆ, ಮಳೆ ನಿಂತು ಚಿತ್ರ ಬಂದಾಗ ತಾವೇ ತಂದವರಂತೆ ಇಳಿಯುತ್ತಾರೆ.

ಮೊನ್ನೆ ಮಗಳಿಗೆ ಫೋನು ಮಾಡಲು ಕೊಡೆ ಹಿಡಿದು ಕಲ್ಲಿನ ಮೇಲೆ ನಿಂತಿದ್ದೆ. “ಅಪ್ಪ, ಏನದು ಸದ್ದು? ಅಲ್ಲಿ ಮಳೆಯೇ?” ಎಂದಳು. ಹೌದು ಎನ್ನುವಷ್ಟರಲ್ಲಿ ಗಾಳಿಗೆ ಕೊಡೆ ಮಗುಚಿತು. ಅದನ್ನು ಹಿಡಿಯಲು ಎಡಕ್ಕೆ ಒಂದು ಹೆಜ್ಜೆ ಇಟ್ಟೆ.