ನೋಡುವ ಅಡುಗೆಮನೆ, ಮಾಡುವ ಅಡುಗೆಮನೆ

ಮಲೆನಾಡಿನಲ್ಲಿ ಹಿಂದೆ ನೆಂಟರು ಅಡುಗೆಮನೆಯ ಹೊಸಿಲು ದಾಟಬೇಕಾದರೆ ಮೂರು ತಲೆಮಾರಿನ ಸಂಬಂಧವಾದರೂ ಇರಬೇಕಿತ್ತು. ಈಗ ಆಸರಿಗೆ ಏನು ಬೇಕೆಂದು ಕೇಳುವ ಮೊದಲೇ ಯಜಮಾನರು ಕೈ ಹಿಡಿದು ಅಲ್ಲಿಗೇ ಕರೆದೊಯ್ಯುತ್ತಾರೆ. ಕಳೆದ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಬದಿಯ ನೆಂಟರ ಮನೆಯಲ್ಲಿ, ಹೊಸ ಅಡುಗೆಮನೆಯ ಪೂಜೆಯ ದಿನ, ನನಗೂ ಆ ದರ್ಶನಭಾಗ್ಯ ದೊರೆಯಿತು. ಗೋಡೆ ಬಿಳಿ, ಕಪಾಟು ಬಿಳಿ, ಕಟ್ಟೆಯ ಕಲ್ಲು ಬಿಳಿ, ನೆಲ ಬಿಳಿ. ಆದ ಖರ್ಚನ್ನು ಹೇಳುವಾಗ ಯಜಮಾನರ ಮುಖವೂ ಅದೇ ಬಣ್ಣಕ್ಕೆ ತಿರುಗಿತು. ಬಿಳಿ ಬಳಿದರೆ ಜಾಗ ದೊಡ್ಡದಾಗಿ ಕಾಣುತ್ತದೆಂದು ಶಿವಮೊಗ್ಗದಿಂದ ಬಂದ ವಿನ್ಯಾಸಕಾರರು ಹೇಳಿದ್ದರಂತೆ. ಹತ್ತು ಅಂಕಣದ ಮನೆಯ ವಿಶಾಲವಾದ ಅಡುಗೆಮನೆಗೆ ನಡುವೆ ಗೋಡೆ ಎಬ್ಬಿಸಿ ಅರ್ಧಕ್ಕಿಳಿಸಿ, ಅನಂತರ ಅದು ದೊಡ್ಡದಾಗಿ ಕಾಣಲೆಂದು ಬಣ್ಣ ಹುಡುಕುವುದಕ್ಕೆ ನಿಜಕ್ಕೂ ವಿಶೇಷ ವಿದ್ಯಾಭ್ಯಾಸ ಬೇಕು.

ಬಣ್ಣಕ್ಕೂ ಬಳಕೆಗೂ ನಂಟೇ ಇಲ್ಲವೆಂದಲ್ಲ. ಇಂದಿನ ಮಾಡ್ಯುಲರ್ ಕಿಚನ್‌ಗಳ ಅಜ್ಜಿಯೆನ್ನಬಹುದಾದ ಅಡುಗೆಮನೆಯನ್ನು 1926ರಲ್ಲಿ ಫ್ರಾಂಕ್‌ಫರ್ಟ್ ನಗರದ ವಸತಿ ಯೋಜನೆಗಾಗಿ ರೂಪಿಸಿದವರು ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ. ಅದರ ಅಗಲ ಸುಮಾರು 1.9 ಮೀಟರ್, ಉದ್ದ 3.4 ಮೀಟರ್. ಅದರ ಕಪಾಟುಗಳಿಗೆ ನೀಲಿ ಬಳಿದದ್ದು ಚೆಂದಕ್ಕಲ್ಲ, ನೊಣಗಳು ಆ ಬಣ್ಣದ ಹತ್ತಿರ ಸುಳಿಯುವುದಿಲ್ಲವೆಂಬ ಅಂದಿನ ನಂಬಿಕೆಯಿಂದ. ನಮ್ಮ ಹಿರಿಯರ ಕೆಂಪು ಕಾವಿ ನೆಲವೂ ಹಾಗೆಯೇ ಲೋಕಜ್ಞಾನದ್ದು. ಸಾರು ಚೆಲ್ಲಿದರೂ ಅರಿಸಿನ ಉದುರಿದರೂ ಮನೆಯ ಮಾತನ್ನು ಹೊರಗೆ ಬಿಡದೆ ನುಂಗಿಕೊಳ್ಳುತ್ತಿತ್ತು. ಈ ಬಿಳಿಯ ಕಲ್ಲಾದರೋ ಹುಟ್ಟಾ ಚಾಡಿಕೋರ. ಯುಗಾದಿಯಲ್ಲಿ ಬಿದ್ದ ಅರಿಸಿನದ ಹನಿಯನ್ನು ದೀಪಾವಳಿಗೆ ಬಂದವರಿಗೂ ತೋರಿಸುತ್ತದೆ. ಮೊದಲ ಮಳೆ ಬಿದ್ದ ಸಂಜೆ, ಆ ಬೆಳ್ಳನೆಯ ಬೆಳಕಿಗೆ ಮರುಳಾಗಿ ರೆಕ್ಕೆಗೆದ್ದಲುಗಳ ದಿಬ್ಬಣವೇ ಬಂದು ಕಟ್ಟೆಯ ಮೇಲೆ ರೆಕ್ಕೆ ಕಳಚಿಟ್ಟು ಹೋಯಿತೆಂದು ಆಮೇಲೆ ತಿಳಿಯಿತು.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಬೆಂಗಳೂರಿನಲ್ಲಿ ಸಾವಿರದ ಆಸುಪಾಸು. ಕ್ಯಾಟಲಾಗು ಮಾತ್ರ ಎರಡೂ ಊರಿಗೆ ಒಂದೇ. ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂಚಿನಲ್ಲಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಅಜ್ಜನ ಕಾಲದ ಹಲಸಿನ ಹಲಗೆಗಳನ್ನು ಅಟ್ಟದ ಮೇಲೆ ಪೇರಿಸಿಟ್ಟುಕೊಂಡೇ ಈ ಹಲಗೆಯನ್ನು ದುಡ್ಡು ಕೊಟ್ಟು ತಂದಿದ್ದರು. ಆಷಾಢದ ಹೊತ್ತಿಗೆ ಸಿಂಕಿನ ಕೆಳಗಿನ ಬಾಗಿಲು ಪೂರಿಯಂತೆ ಉಬ್ಬಿತು. ಸದ್ದಿಲ್ಲದೆ ಮುಚ್ಚಿಕೊಳ್ಳುವ ಬಾಗಿಲೆಂದು ಅದಕ್ಕೆ ಹೆಚ್ಚಿನ ದರ ತೆತ್ತಿದ್ದರು. ಈಗ ಅದು ಸದ್ದಿಲ್ಲದೆ ತೆರೆದುಕೊಂಡೇ ಇದೆ.

ಒಳಾಂಗಣದ ಜೋಡಣೆಗೂ ಶಾಸ್ತ್ರವಿದೆ. ಒಲೆ, ಸಿಂಕು, ಫ್ರಿಜ್ಜುಗಳನ್ನು ಸೇರಿಸುವ ತ್ರಿಕೋನದ ಮೂರು ಬದಿಗಳ ಮೊತ್ತ 13ರಿಂದ 26 ಅಡಿಯೊಳಗಿರಬೇಕೆಂಬುದು ಅದರ ತಿರುಳು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಲೆಕ್ಕ. ವಿನ್ಯಾಸಕಾರರು ಇದನ್ನು ಗಣಕಯಂತ್ರದಲ್ಲಿ ಬಿಡಿಸಿ ತೋರಿಸಿದ ಮರುದಿನವೇ ವಾಸ್ತು ಹೇಳುವವರು ಬಂದು ಅಗ್ನಿಯನ್ನು ಆಗ್ನೇಯಕ್ಕೂ ನೀರನ್ನು ಈಶಾನ್ಯಕ್ಕೂ ಅಟ್ಟಿದರು. ಇಬ್ಬರಿಗೂ ಬೇಡವಾದ ಫ್ರಿಜ್ಜು ಜಗಲಿಗೆ ಬಂದು ಕುಳಿತಿತು. ಚಿಮಣಿಯ ಕೊಳವೆಗೆ ಯಾವ ಶಾಸ್ತ್ರದಲ್ಲೂ ಜಾಗವಿರದ ಕಾರಣ ಅದನ್ನು ದಕ್ಷಿಣದ ಗೋಡೆಯಿಂದ ಹೊರಬಿಡಲಾಯಿತು. ಮಲೆನಾಡಿಗೆ ಮಳೆ ತರುವ ಗಾಳಿ ನೈಋತ್ಯದ್ದು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಹೀಗಾಗಿ ಜೂನ್ ತಿಂಗಳಲ್ಲಿ ಒಗ್ಗರಣೆಯ ಹೊಗೆ ಹೊರಗೆ ಹೋಗುವ ಬದಲು ಮಳೆಯೇ ಒಳಗೆ ಬಂದು ಒಗ್ಗರಣೆಗೆ ಸೇರಿತು.

ಅಷ್ಟಾದರೂ ಸಹಿಸಬಹುದಿತ್ತು. ನಿಜವಾದ ಪ್ರಶ್ನೆಯನ್ನು ಎತ್ತಿದವರು ಮನೆಯ ಅತ್ತೆ. ಪಾತ್ರೆಗೊಂದು, ಸೌಟಿಗೊಂದು, ಚಮಚಕ್ಕೊಂದು ಎಂದು ಡ್ರಾಯರುಗಳನ್ನು ಎಳೆದೆಳೆದು ತೋರಿಸುತ್ತಿದ್ದ ಯುವಕನನ್ನು ಅವರು ಬಹಳ ಹೊತ್ತು ನೋಡಿ, “ಎಲ್ಲ ಚೆಂದ ಉಂಟು ಮಾರಾಯ, ಅಪ್ಪೆಮಿಡಿ ಭರಣಿ ಎಲ್ಲಿಡೂದು?” ಎಂದು ಕೇಳಿದರು. ಗಾಜಿನ ಲೋಟಗಳನ್ನು ತಲೆಕೆಳಗಾಗಿ ತೂಗುಹಾಕುವ ಕಂಬಿಯಿತ್ತು, ಆದರೆ ಆ ಮನೆಯಲ್ಲಿ ಕಾಫಿಯನ್ನೂ ಸ್ಟೀಲ್ ಲೋಟದಲ್ಲೇ ಕುಡಿಯುತ್ತಾರೆ. ಭರಣಿಗೆ, ಶಾವಿಗೆ ಒರಳಿಗೆ, ಕಡುಬು ಬೇಯಿಸುವ ಪಾತ್ರೆಗೆ, ಅಡಿಕೆ ಕೊಯ್ಲಿನ ದಿನ ಇಪ್ಪತ್ತು ಜನರ ಅನ್ನ ಬೇಯುವ ತಪ್ಪಲೆಗೆ ಒಂದಂಗುಲವೂ ಇರಲಿಲ್ಲ. ಹಲಸಿನಕಾಯಿ ಹೆಚ್ಚುವುದು ಎಲ್ಲಿ ಎಂದು ಅತ್ತೆ ಮತ್ತೆ ಕೇಳಿದಾಗ, ಬಿಳಿಯ ಅಕ್ರಿಲಿಕ್ ಬಾಗಿಲಿಗೆ ಮೇಣ ಮೆತ್ತಿದ ದೃಶ್ಯ ಕಣ್ಣ ಮುಂದೆ ಬಂದಂತಾಗಿ ಯಜಮಾನರು ಮಾತು ಬದಲಿಸಿದರು.

ಪರಿಹಾರ ಹಿತ್ತಿಲಿನಲ್ಲಿ ಸಿದ್ಧವಾಗಿತ್ತು. ತಗಡು ಹೊದಿಸಿದ ಶೆಡ್ಡು, ಅದರಲ್ಲೊಂದು ಮಣ್ಣಿನ ಒಲೆ, ಒಂದು ಹಳೆಯ ಗ್ಯಾಸ್ ಸ್ಟೌ, ಒರಳುಕಲ್ಲು, ಮೆಟ್ಟುಗತ್ತಿ. ಇದರ ಹೆಸರು ವರ್ಕ್ ಏರಿಯಾ. ಬಣ್ಣ, ಜೋಡಣೆ, ಬಳಕೆಗಳ ಸಮತೋಲನ ಸಾಧಿಸುವ ಬಗೆಯನ್ನು ಮಲೆನಾಡು ಹೀಗೆ ಕಂಡುಕೊಂಡಿದೆ: ಬಣ್ಣ ಒಳಗಿನ ಕೋಣೆಗೆ, ಬಳಕೆ ಹೊರಗಿನ ಶೆಡ್ಡಿಗೆ, ಜೋಡಣೆ ಎರಡರ ನಡುವೆ ಮಳೆಯಲ್ಲಿ ಓಡಾಡುವ ಹೆಂಗಸರ ಕಾಲಿಗೆ. (ಕಿತ್ತೆಸೆದ ಹಳೆಯ ಒಲೆ, ಅಟ್ಟ, ಮರದ ಮರಿಗೆಗಳನ್ನು ಹೋಂಸ್ಟೇಯವರು ಕೊಂಡೊಯ್ದು, ಮಸಿ ಸಮೇತ ಜೋಡಿಸಿ, ಬೆಂಗಳೂರಿನವರಿಗೆ ತೋರಿಸಿ ಹಣ ಮಾಡುತ್ತಿರುವುದು ಬೇರೆಯದೇ ಉದ್ಯಮ.)

ಪೂಜೆಯ ದಿನವೇ ಇದೆಲ್ಲದರ ಸೂಚನೆ ಸಿಕ್ಕಿತ್ತು. ಹೊಸ ಒಲೆಯ ಮೇಲೆ ಹಾಲುಕ್ಕಿಸಬೇಕೆಂದು ಭಟ್ಟರು ಹೇಳಿದಾಗ ಯಜಮಾನರು ಬಿಳಿಯ ಕಲ್ಲನ್ನೊಮ್ಮೆ, ಹಾಲಿನ ಪಾತ್ರೆಯನ್ನೊಮ್ಮೆ ನೋಡಿ, “ಪೂರ್ತಿ ಉಕ್ಕಲೇಬೇಕಾ ಭಟ್ಟರೇ? ಅಂಚಿನವರೆಗೆ ಬಂದರೆ ನಡೆಯೂದಿಲ್ವಾ?” ಎಂದು ಮೆಲ್ಲನೆ ವಿಚಾರಿಸಿದರು. ನಡೆಯುವುದಿಲ್ಲವೆಂದಾಯಿತು. ಎಲ್ಲರೂ ಎದ್ದು, ಅರಿಸಿನ ಕುಂಕುಮದ ಬಟ್ಟಲು ಹಿಡಿದು, ಹಿತ್ತಿಲ ಶೆಡ್ಡಿಗೆ ನಡೆದೆವು.